ಅಪರೂಪಕ್ಕೆ ಬಳಸುವ ರೈಫಲ್ ಅನ್ನು ಇಟ್ಟುಕೊಳ್ಳುವುದಕ್ಕೆ ಸಮರ್ಥನೆ ಏನು?

ಪ್ರಶ್ನೆ: ಅಪರೂಪದ ಗುರಿಕಾರ

ನಮಸ್ಕಾರ. ನನ್ನ ಬಳಿ ಪರವಾನಗಿ ಇರುವ ಎರಡು ರೈಫಲ್‌ಗಳಿವೆ. ಒಂದು .22 ರಿಮ್‌ಫೈರ್ (ಸಣ್ಣ, ಕಡಿಮೆ ಶಕ್ತಿಯ ತೋಟಾ ಹಾರಿಸುವಂಥದು), 50 ಮೀಟರ್ ಗುರಿ ಅಭ್ಯಾಸಕ್ಕೆ ಅದನ್ನು ತಪ್ಪದೆ ಬಳಸುತ್ತಿರುವುದರಿಂದ ಅದರ ವಿಷಯದಲ್ಲಿ ಯಾರ ಪ್ರಶ್ನೆಗೂ ತಡವರಿಸಬೇಕಾಗಿಲ್ಲ. ಇನ್ನೊಂದು ಹೆಚ್ಚು ಶಕ್ತಿಯ .308 ತೋಟಾದ ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ಮುಚ್ಚಬೇಕಾದದ್ದು. 300 ಮೀಟರ್ ಸ್ಪರ್ಧೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಕೊಂಡದ್ದು. ಉದ್ಯೋಗದ ಹೊಣೆ ಹೆಚ್ಚಾದ ಮೇಲೆ, ಜೊತೆಗೆ ಅಷ್ಟು ಉದ್ದದ ರೇಂಜ್ ಕೈಗೆಟುಕದಷ್ಟು ದೂರವಾದ ಮೇಲೆ, ಅದು ಕಪಾಟಿನಿಂದ ಹೊರಬರುವುದೇ ಅಪರೂಪವಾಗಿದೆ. ಬಂದರೂ ಬಹಳ ಸಲ ಎಣ್ಣೆ ಹಚ್ಚಿಸಿಕೊಂಡು ಹಾಗೆಯೇ ಒಳಗೆ ಹೋಗುತ್ತದೆ.

ಈಗ ನವೀಕರಣದ ಸಮಯ ಹತ್ತಿರವಾಗಿದೆ. ಪ್ರತಿಯೊಂದು ಆಯುಧವನ್ನೂ ಯಾವ ಕಾರಣಕ್ಕಾಗಿ ಇಟ್ಟುಕೊಂಡಿದ್ದೀರಿ ಎಂದು ಕೇಳುವ ಕಲಂ ಅರ್ಜಿಯಲ್ಲಿದೆ. .22ರ ಎದುರು ಒಂದೇ ಸಾಲಿನಲ್ಲಿ ಉತ್ತರ ಬರೆದೆ. .308ರ ಎದುರು ಏನು ಬರೆಯಬೇಕೆಂದು ತಿಳಿಯುತ್ತಿಲ್ಲ. ‘ಸ್ಪರ್ಧೆಗೆ’ ಎಂದರೆ ಅದು ಹಳೆಯ ಮಾತು. ‘ಮುಂದೆ ಮತ್ತೆ ಆರಂಭಿಸುವ ಉದ್ದೇಶದಿಂದ’ ಎಂದರೆ ಆ ಉದ್ದೇಶ ಎಷ್ಟು ಗಟ್ಟಿಯಾದದ್ದೆಂದು ನನಗೇ ಖಚಿತವಿಲ್ಲ. ‘ಇಷ್ಟವಾದ್ದರಿಂದ’ ಎಂದು ಬರೆಯುವಂತೆಯೂ ಇಲ್ಲ.

ನಾನಿರುವ ದೇಶದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ, ಏಕೆಂದರೆ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದರೂ ಅದರ ಹಿಂದಿನ ಪ್ರಶ್ನೆ ಒಂದೇ ಎಂದು ನನಗನ್ನಿಸುತ್ತದೆ. ಅಪಾಯಕಾರಿಯಾದ ವಸ್ತುವೊಂದನ್ನು ನಾನು ಬಳಸುತ್ತಿಲ್ಲ ಎಂಬುದು ಅದನ್ನು ಬಿಟ್ಟುಕೊಡಲು ಸಾಕಾದ ಕಾರಣವೇ? ಇಟ್ಟುಕೊಳ್ಳುವುದಾದರೆ, ಅಧಿಕಾರಿಗೂ ಮನೆಯವರಿಗೂ ನನಗೂ ಒಪ್ಪಿಗೆಯಾಗುವಂಥ ಸಮರ್ಥನೆ ಯಾವುದು? ‘ನನ್ನ ದುಡ್ಡು, ನನ್ನ ಹಕ್ಕು’ ಎಂಬ ಉತ್ತರ ನನಗೆ ಗೊತ್ತಿದೆ. ಅದನ್ನು ಬಿಟ್ಟು ಬೇರೆ ಏನಿದೆ ಎಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ: ಕಡತವಾಸಿ

ಕಾನೂನಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ಎಷ್ಟು ದೂರವಿವೆಯೆಂದರೆ, ಅವುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೇ ಸಮಸ್ಯೆಯ ಆಕಾರ ತಿಳಿಯುತ್ತದೆ.

ಒಂದು ತುದಿಯಲ್ಲಿ ಅಮೆರಿಕ ಇದೆ. ಅಲ್ಲಿ ಸಾಮಾನ್ಯವಾದ ರೈಫಲ್ ಒಂದನ್ನು ಮನೆಯಲ್ಲಿ ಇಟ್ಟುಕೊಂಡವನನ್ನು ‘ಏಕೆ ಇಟ್ಟುಕೊಂಡೆ, ಕೊನೆಗೆ ಯಾವಾಗ ಬಳಸಿದೆ’ ಎಂದು ಸರ್ಕಾರ ಕೇಳುವ ಪದ್ಧತಿಯೇ ಬಹುಮಟ್ಟಿಗೆ ಇಲ್ಲ. ಆಯುಧ ಹೊಂದುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿಯಾಗಿದೆ. ಇನ್ನೊಂದು ತುದಿಯಲ್ಲಿ ಜಪಾನ್ ಇದೆ. ಅಲ್ಲಿ ಅನುಮತಿ ಪಡೆದ ಉದ್ದೇಶಕ್ಕೆ ಬಳಸದೆ ಸುಮ್ಮನೆ ಇಟ್ಟ ಬಂದೂಕಿಗೆ ‘ಮಲಗಿರುವ ಬಂದೂಕು’ ಎಂಬ ಹೆಸರೇ ಇದೆ, ಅಂಥದರ ಅನುಮತಿಯನ್ನು ರದ್ದು ಮಾಡುವ ಅಧಿಕಾರವೂ ಇದೆ. ಮೊದಲು ಸತತ 3 ವರ್ಷ ಬಳಸದಿದ್ದರೆ ಅನ್ವಯಿಸುತ್ತಿದ್ದ ಈ ನಿಯಮವನ್ನು 2024ರ ತಿದ್ದುಪಡಿಯಲ್ಲಿ 2 ವರ್ಷಕ್ಕೆ ಇಳಿಸಿದ್ದಾರೆ. ನೀವು ಅಲ್ಲಿದ್ದಿದ್ದರೆ ಈ ಚರ್ಚೆಗೆ ಸಮಯವೇ ಇರುತ್ತಿರಲಿಲ್ಲ.

ಇವೆರಡರ ನಡುವೆ ಇರುವ ದೇಶಗಳೇ ನಿಮಗೆ ಹೆಚ್ಚು ಉಪಯೋಗ. ಬ್ರಿಟನ್ನಿನ 1968ರ ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ರೈಫಲ್‌ಗೆ ಪ್ರಮಾಣಪತ್ರ ಕೊಡುವ ಮೊದಲು ಅದನ್ನು ಹೊಂದಲು ಅರ್ಜಿದಾರನಿಗೆ ‘ಯೋಗ್ಯ ಕಾರಣ’ ಇದೆಯೆಂದು ಪೊಲೀಸ್ ಮುಖ್ಯಾಧಿಕಾರಿಗೆ ಮನವರಿಕೆಯಾಗಬೇಕು. ಈ ಕಾರಣ ಬಂದೂಕುಗಳ ಬಗ್ಗೆ ಇರುವ ಒಟ್ಟಾರೆ ಒಲವಿಗೆ ಸಂಬಂಧಿಸಿದ್ದಲ್ಲ, ಅರ್ಜಿಯಲ್ಲಿರುವ ಆ ರೈಫಲ್‌ಗೆ ಸಂಬಂಧಿಸಿದ್ದು. ಒಂದು ರೈಫಲ್‌ಗೆ ಮಾತ್ರ ಕಾರಣ ಉಳಿದಿಲ್ಲವೆಂದು ಕಂಡರೆ 30ಸಿ ಸೆಕ್ಷನ್ ಅಡಿ ಪ್ರಮಾಣಪತ್ರದಿಂದ ಅದೊಂದನ್ನೇ ತೆಗೆದುಹಾಕಬಹುದು. ಒಪ್ಪದವರು 21 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದೇ ವೇಳೆಗೆ, ಅರ್ಜಿಯನ್ನು ಆಕ್ಷೇಪಿಸುವವನ ಕಣ್ಣಿನಿಂದಲ್ಲ, ಅರ್ಜಿದಾರನ ನೆಲೆಯಿಂದ ನೋಡಬೇಕು ಎಂಬ ಮಾತು 1966ರ ಸ್ಕಾಟ್ಲೆಂಡಿನ ತೀರ್ಪೊಂದರಲ್ಲಿ ಇದೆ. ಹಾಗಾಗಿ ‘ಕಡಿಮೆ ಬಳಕೆ’ ಎಂಬುದೊಂದೇ ಅಲ್ಲಿ ತೀರ್ಪು ಹೇಳಿಬಿಡುವುದಿಲ್ಲ, ಆದರೆ ಪ್ರಶ್ನೆಯನ್ನು ಖಂಡಿತ ಎಬ್ಬಿಸುತ್ತದೆ. ಮಾನ್ಯತೆ ಪಡೆದ ಕ್ಲಬ್‌ಗಳು 12 ತಿಂಗಳು ಗುರಿ ಅಭ್ಯಾಸಕ್ಕೆ ಬಾರದ ಪ್ರಮಾಣಪತ್ರದಾರರ ಹೆಸರನ್ನು ಪೊಲೀಸರಿಗೆ ತಿಳಿಸಬೇಕಾಗುತ್ತದೆ.

ಜರ್ಮನಿ ಇದನ್ನು ಲೆಕ್ಕಕ್ಕೆ ತಂದಿದೆ. 2020ರಿಂದ ಜಾರಿಯಲ್ಲಿರುವ ನಿಯಮದಂತೆ ಕ್ರೀಡಾ ಶೂಟರ್ ಒಬ್ಬನ ಅಗತ್ಯವನ್ನು ಪರಿಶೀಲಿಸುವಾಗ, ಹಿಂದಿನ 24 ತಿಂಗಳಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಇಲ್ಲವೇ ಪ್ರತಿ 12 ತಿಂಗಳಿಗೆ 6 ಬಾರಿಯಾದರೂ ಅವನು ಗುರಿ ಅಭ್ಯಾಸ ಮಾಡಿರಬೇಕು. ಆದರೆ ಪರವಾನಗಿ ಸಿಕ್ಕಿ 10 ವರ್ಷ ಕಳೆದ ಮೇಲೆ ಕ್ಲಬ್ಬಿನ ಸದಸ್ಯತ್ವದ ದೃಢೀಕರಣವೇ ಸಾಕು. ದೀರ್ಘಕಾಲ ಜವಾಬ್ದಾರಿಯಿಂದ ನಡೆದುಕೊಂಡವನ ಬದುಕಿನಲ್ಲಿ ಬಿಡುವಿಲ್ಲದ ವರ್ಷಗಳೂ ಬರುತ್ತವೆ ಎಂಬುದನ್ನು ಕಾನೂನೇ ಒಪ್ಪಿಕೊಂಡಂತೆ ಇದು ನನಗೆ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ 1996ರ ರಾಷ್ಟ್ರೀಯ ಒಪ್ಪಂದದ ನಂತರ ‘ನಿಜವಾದ ಕಾರಣ’ ತೋರಿಸಲೇಬೇಕು, ಮತ್ತು ಆತ್ಮರಕ್ಷಣೆಯನ್ನು ಅಂಥ ಕಾರಣವೆಂದು ಅಲ್ಲಿ ಎಣಿಸುವುದಿಲ್ಲ. ಭಾರತದಲ್ಲಿ 2019ರ ತಿದ್ದುಪಡಿಯು ಪರವಾನಗಿಯ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿ, ಸಾಮಾನ್ಯ ಪರವಾನಗಿದಾರ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು; ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರೊಳಗೇ ಸೇರಬೇಕು. ಎಷ್ಟು ಬಾರಿ ಬಳಸಿದೆ ಎಂದು ಅಲ್ಲಿ ನೇರವಾಗಿ ಕೇಳದಿದ್ದರೂ, ಯಾವುದನ್ನು ಉಳಿಸಿಕೊಳ್ಳುತ್ತೀ ಎಂಬ ಆಯ್ಕೆಯನ್ನಂತೂ ಮುಂದಿಟ್ಟಂತಾಯಿತು.

ಇಷ್ಟನ್ನೂ ಹೇಳಿದ್ದು ಒಂದು ಕಾರಣಕ್ಕೆ. ಸಮರ್ಥನೆ ಕೇಳುವ ಕಾನೂನುಗಳೆಲ್ಲ ಬಳಕೆಯ ಎಣಿಕೆಯ ಮೂಲಕ ತಿಳಿಯಲು ಯತ್ನಿಸುತ್ತಿರುವುದು ಒಂದೇ ಸಂಗತಿಯನ್ನು: ಆ ಆಯುಧವನ್ನು ಪಡೆದ ಉದ್ದೇಶ ಇನ್ನೂ ಜೀವಂತವಾಗಿದೆಯೇ? ನಿಮ್ಮ ಕಲಂನಲ್ಲಿ ಅದಕ್ಕೆ ಉತ್ತರ ಬರೆಯಿರಿ. ‘ಉದ್ಯೋಗದ ಕಾರಣದಿಂದ ಇತ್ತೀಚೆಗೆ ಕಡಿಮೆ ಬಳಸಿದ್ದೇನೆ, ಇಂಥ ಕ್ಲಬ್ಬಿನ ಸದಸ್ಯತ್ವ ಮುಂದುವರಿಸಿದ್ದೇನೆ, 300 ಮೀಟರ್ ಸ್ಪರ್ಧೆಗೆ ನನ್ನ.22 ಒದಗುವುದಿಲ್ಲ’ ಎಂಬ ಮೂರು ವಾಕ್ಯಗಳು, ಅವು ನಿಜವಾಗಿದ್ದರೆ, ಉದ್ದನೆಯ ನಿವೇದನೆಗಿಂತ ಬಲವಾದವು. ಕಡಿಮೆ ಬಳಕೆಯನ್ನು ಮುಚ್ಚಿಡಬೇಡಿ. ರೇಂಜಿನ ಹಾಜರಿ ಪುಸ್ತಕವೂ ತೋಟಾ ಖರೀದಿಯ ದಾಖಲೆಯೂ ಅಧಿಕಾರಿಯ ಕೈಗೆ ಸಿಗುವಂಥವು, ಮತ್ತು ಅರ್ಜಿಯಲ್ಲಿ ಸುಳ್ಳು ಹೇಳಿದ್ದು ಸಿಕ್ಕಿಬಿದ್ದರೆ .22 ಕೂಡ ಉಳಿಯುವುದಿಲ್ಲ.

ಉತ್ತರ: ನಳಿಗೆ ಮತ್ತು ಎಣ್ಣೆ

ಕಡತವಾಸಿಯವರು ಕಾಗದದ ಮಾತು ಹೇಳಿದ್ದಾರೆ. ಬಹಳ ಕಾಲ ಹೊಸಬರಿಗೆ ತರಬೇತಿ ಕೊಟ್ಟವನಾಗಿ ನಾನು ಕೈಯ ಮಾತು ಹೇಳುತ್ತೇನೆ.

ರೈಫಲ್ ಒಂದನ್ನು ಅಪರೂಪಕ್ಕೆ ಬಳಸುವುದರಲ್ಲಿ ತಪ್ಪೇನೂ ಇಲ್ಲ. ಕೆಲವು ರೈಫಲ್‌ಗಳ ಕೆಲಸವೇ ಅಂಥದು: ವರ್ಷದಲ್ಲಿ ಒಂದು ಋತುವಿನಲ್ಲಿ ಮಾತ್ರ ಬೆಳೆ ಕಾಯಲು ಬೇಕಾಗುವುದು, ದೊಡ್ಡ ಪ್ರಾಣಿಗಳ ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಕೆಲವೇ ದಿನಗಳ ಋತುವಿಗೆ ಬೇಕಾಗುವುದು, ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಗೆಂದೇ ಇರುವುದು. ಇವುಗಳಲ್ಲಿ ಹಾರಿಸಿದ ಗುಂಡುಗಳನ್ನು ಎಣಿಸಿ ಅಗತ್ಯವನ್ನು ಅಳೆಯುವುದು ಏಣಿಯೊಂದನ್ನು ಎಷ್ಟು ಸಲ ಹತ್ತಿದಿರಿ ಎಂದು ಕೇಳಿ ಅದು ಬೇಕೋ ಬೇಡವೋ ಎಂದು ತೀರ್ಮಾನಿಸಿದಂತೆ. ನನ್ನ ಆಕ್ಷೇಪ ಇರುವುದು ಬೇರೆ ಕಡೆ. ರೈಫಲ್ ಸುಮ್ಮನೆ ಕುಳಿತಿರುವಾಗ ಹಿಡಿಯುವವನ ಕೈ ಸುಮ್ಮನೆ ಕುಳಿತಿರುವುದಿಲ್ಲ, ಅದು ಮರೆಯುತ್ತಿರುತ್ತದೆ. ಉಸಿರು ಹಿಡಿಯುವ ಲಯ, ಟ್ರಿಗರ್ ಮೇಲಿನ ಒತ್ತಡ, ಗಾಳಿಯ ಅಂದಾಜು ಇವು ಹೋದರೆ ಅಂಕ ಹೋಗುತ್ತದೆ, ಅಷ್ಟೆ. ಆದರೆ ಬೋಲ್ಟ್ ತೆರೆದು ಚೇಂಬರ್ (ತೋಟಾ ಕೂರುವ ಗೂಡು) ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡುವುದು, ನಳಿಗೆಯ ಬಾಯಿ ಎತ್ತ ತಿರುಗಿದೆ ಎಂಬ ಎಚ್ಚರ, ಗುರಿಗೆ ಕಣ್ಣು ಕೂಡುವವರೆಗೂ ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು — ಇವೂ ಅಭ್ಯಾಸದಿಂದಲೇ ಉಳಿಯುವಂಥವು, ಮತ್ತು ಇವು ಸಡಿಲವಾದವನ ಕೈಯಲ್ಲಿ .308 ಇರಬಾರದು.

ಸ್ವಿಟ್ಜರ್ಲೆಂಡಿನ ಉದಾಹರಣೆ ಇಲ್ಲಿ ಒಪ್ಪುತ್ತದೆ. ಅಲ್ಲಿ ಸೇನಾ ರೈಫಲ್ ಅನ್ನು ಮನೆಯಲ್ಲಿ ಇಟ್ಟುಕೊಳ್ಳುವ ಸೈನಿಕರು ವರ್ಷಕ್ಕೊಮ್ಮೆ ಕಡ್ಡಾಯ ಗುರಿ ಅಭ್ಯಾಸ ಮುಗಿಸಬೇಕು. 300 ಮೀಟರ್‌ಗೆ ಅದು 20 ಗುಂಡುಗಳ ಕಾರ್ಯಕ್ರಮ. ಅದರಿಂದ ಯಾರೂ ಚಾಂಪಿಯನ್ ಆಗುವುದಿಲ್ಲ. ಆಯುಧವೂ ಅದರ ಒಡೆಯನೂ ಇನ್ನೂ ಪರಸ್ಪರ ಪರಿಚಿತರೆಂಬುದು ಖಚಿತವಾಗುತ್ತದೆ. ನಿಮ್ಮ ದೇಶದ ಕಾನೂನು ಕೇಳಲಿ ಬಿಡಲಿ, ಇಂಥದೊಂದು ಕನಿಷ್ಠ ಮಿತಿಯನ್ನು ನೀವೇ ಹಾಕಿಕೊಳ್ಳಿ, ಅದನ್ನು ಕೂಡ ಮುಟ್ಟಲಾಗದಿದ್ದರೆ ಆ ರೈಫಲ್‌ಗೆ ನೀವು ಒಡೆಯರಲ್ಲ, ಕಾವಲುಗಾರರು ಮಾತ್ರ.

ಇನ್ನು ಎಣ್ಣೆಯ ವಿಷಯ. ‘ಎಣ್ಣೆ ಹಚ್ಚಿಸಿಕೊಂಡು ಒಳಗೆ ಹೋಗುತ್ತದೆ’ ಎಂದು ಬರೆದಿದ್ದೀರಿ. ಅಪರೂಪಕ್ಕೆ ಬಳಸುವ ರೈಫಲ್‌ಗಳು ಕೆಡುವುದು ಹೆಚ್ಚಾಗಿ ಇಂಥ ಪ್ರೀತಿಯಿಂದಲೇ. ಅತಿಯಾಗಿ ಹಚ್ಚಿದ ಎಣ್ಣೆ ನಿಲ್ಲಿಸಿಟ್ಟ ರೈಫಲ್‌ನಲ್ಲಿ ನಿಧಾನವಾಗಿ ಇಳಿದು ಹಿಡಿಯ ಮರದೊಳಕ್ಕೆ ಸೇರುತ್ತದೆ, ಮರ ಮೆತ್ತಗಾಗುತ್ತದೆ; ತೆಳುವಾಗಿ ಒರೆಸಿದರೆ ಸಾಕು, ಬೇಕಿದ್ದರೆ ನಳಿಗೆಯ ಬಾಯಿಯನ್ನು ಕೆಳಗೆ ಮಾಡಿ ಇಡಿ. ಚರ್ಮದ ಅಥವಾ ಸ್ಪಂಜಿನ ಚೀಲದೊಳಗೆ ತಿಂಗಳುಗಟ್ಟಲೆ ಇಡಬೇಡಿ, ಅವು ತೇವವನ್ನು ಹಿಡಿದಿಟ್ಟು ತುಕ್ಕು ತರುತ್ತವೆ. ಹಾರಿಸುವ ಮುನ್ನ ನಳಿಗೆಯೊಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಲೇಬೇಕು, ಮತ್ತು ಶುಚಿಯಾದ ತಣ್ಣನೆಯ ನಳಿಗೆಯಿಂದ ಹೊರಡುವ ಮೊದಲ ಗುಂಡು ಮುಂದಿನವುಗಳ ಜಾಗದಲ್ಲೇ ಬೀಳುತ್ತದೆಂದು ನಂಬಬಾರದು. ಮರದ ಹಿಡಿಯಾಗಿದ್ದರೆ ಹವೆಯ ತೇವ ಬದಲಾದಂತೆ ಅದು ಉಬ್ಬಿ ಕುಗ್ಗಿ ನಳಿಗೆಯ ಮೇಲೆ ಒತ್ತಿದರೆ ಝೀರೋ, ಅಂದರೆ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಮಾಡಿಟ್ಟ ಹೊಂದಾಣಿಕೆ, ಸರಿಯುತ್ತದೆ. ಸ್ಕೋಪ್‌ನ ಸ್ಕ್ರೂಗಳು ಸಡಿಲವಾಗಿರಬಹುದು, ತೋಟಾಗಳ ಲಾಟ್ (ಒಂದೇ ಸಲ ತಯಾರಾದ ಕಂತು) ಬದಲಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಆದ್ದರಿಂದ ದೀರ್ಘ ಬಿಡುವಿನ ನಂತರ ನೇರವಾಗಿ ಸ್ಪರ್ಧೆಗೋ ಬೇಟೆಗೋ ಹೋಗುವವನು ತನ್ನ ರೈಫಲ್ ಎಲ್ಲಿ ಹೊಡೆಯುತ್ತದೆಂದು ತಿಳಿಯದೆ ಹೋಗುತ್ತಿದ್ದಾನೆ. ಮೊದಲು 100 ಮೀಟರ್‌ನಲ್ಲಿ ಝೀರೋ ನೋಡಿಕೊಳ್ಳಿ. ಈ ಪರೀಕ್ಷೆಗೆ ಹೋದ ದಿನವನ್ನೂ ತೋಟಾಗಳ ವಿವರವನ್ನೂ ಬರೆದಿಡುವ ಪುಸ್ತಕವೊಂದಿದ್ದರೆ ಅರ್ಜಿಯ ಕಲಂಗೂ ಅದೇ ಸಾಕ್ಷಿಯಾಗುತ್ತದೆ.

ಉತ್ತರ: ಹೊರಗಿನವಳು

ನಾನು ಬಂದೂಕು ಹಿಡಿದವಳಲ್ಲ. ವೃತ್ತಿಯಿಂದ ಮನೋವೈದ್ಯೆ. ಹಾಗಾಗಿ ಏಣಿಯ ಹೋಲಿಕೆಯನ್ನು ಓದಿದಾಗ ಸುಮ್ಮನಿರಲಾಗಲಿಲ್ಲ. ಮೂಲೆಯಲ್ಲಿ ನಿಂತ ಏಣಿಯಿಂದ ಮನೆಯವರಿಗೆ ತೊಂದರೆಯಿಲ್ಲ. ಮನೆಯಲ್ಲಿ ಬಂದೂಕಿರುವುದು ಆ ಮನೆಯವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದರೊಡನೆ ಸೇರಿಕೊಂಡಿದೆಯೆಂಬುದು ವೈದ್ಯಕೀಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಪರವಾನಗಿದಾರನಿಗೆ ಮಾತ್ರವಲ್ಲ, ಅದೇ ಮನೆಯಲ್ಲಿರುವ ಹದಿಹರೆಯದವರಿಗೂ ಇದು ಅನ್ವಯಿಸುತ್ತದೆ. ಕಾರಣ ಸರಳ. ಅಂಥ ಆಲೋಚನೆಯ ತೀವ್ರತೆ ಬಹಳ ಸಲ ಸ್ವಲ್ಪ ಹೊತ್ತಿನದು, ಮತ್ತು ಬೇರೆ ಹಲವು ವಿಧಾನಗಳಲ್ಲಿ ಬದುಕಿಗೆ ಮರಳಲು ಉಳಿಯುವ ಅವಕಾಶವನ್ನು ಬಂದೂಕು ಬಹುತೇಕ ಉಳಿಸುವುದಿಲ್ಲ.

ಈ ಅಪಾಯಕ್ಕೂ ರೈಫಲ್ ಎಷ್ಟು ಬಾರಿ ರೇಂಜಿಗೆ ಹೋಗುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಅಂದರೆ ಬಳಸದ ರೈಫಲ್‌ನಲ್ಲಿ ಉಪಯೋಗ ಕಡಿಮೆಯಾಗುತ್ತಾ ಹೋಗುತ್ತದೆ, ಅಪಾಯ ಮಾತ್ರ ಇದ್ದಷ್ಟೇ ಇರುತ್ತದೆ. ನಿಮ್ಮ ಸಮರ್ಥನೆ ಈ ಲೆಕ್ಕವನ್ನು ಎದುರಿಸಬೇಕು. ಆಯುಧವನ್ನು ಖಾಲಿ ಮಾಡಿ ಬೀಗದೊಳಗಿಡುವುದು, ತೋಟಾಗಳನ್ನು ಬೇರೆ ಬೀಗದೊಳಗಿಡುವುದು, ಬೀಗದ ಕೈ ಇರುವ ಜಾಗ ಮನೆಯ ಬೇರೆ ಯಾರಿಗೂ ತಿಳಿಯದಿರುವುದು ಅಪಾಯವನ್ನು ಕಡಿಮೆ ಮಾಡುತ್ತವೆ. ನೀವು ಕೇಳದಿದ್ದರೂ ಹೇಳುತ್ತೇನೆ: ಮನೆಯಲ್ಲಿ ಯಾರಾದರೂ ತೀವ್ರ ಖಿನ್ನತೆಯಲ್ಲಿದ್ದರೆ, ಕುಡಿತದ ಸಮಸ್ಯೆಯಿದ್ದರೆ, ನೀವೇ ಅಂಥ ಕಾಲದಲ್ಲಿದ್ದರೆ, ನವೀಕರಣದ ದಿನಕ್ಕಾಗಿ ಕಾಯದೆ ಎರಡೂ ರೈಫಲ್‌ಗಳನ್ನು ಮನೆಯಿಂದ ಹೊರಗಿಡುವ ವ್ಯವಸ್ಥೆ ಮಾಡಿ. ಪ್ರೀತಿಯ .22 ಕೂಡ.

ಉತ್ತರ: ಕೊಟ್ಟುಬಿಟ್ಟವನು

ನನ್ನ ಹೆಸರೇ ನನ್ನ ಉತ್ತರ. ನಾನು ಕೊಡಲು ಕಾರಣ ಕಾನೂನೂ ಅಲ್ಲ, ಭಯವೂ ಅಲ್ಲ. ‘ಇದು ಇಂದು ನನ್ನ ಬಳಿ ಇಲ್ಲದಿದ್ದರೆ ಇಷ್ಟೆಲ್ಲ ಅರ್ಜಿ, ವಿಚಾರಣೆ, ಖರ್ಚು ಮಾಡಿ ಹೊಸದಾಗಿ ಕೊಳ್ಳುತ್ತಿದ್ದೆನೇ?’ ಎಂದು ಕೇಳಿಕೊಂಡಾಗ ಇಲ್ಲವೆಂಬ ಉತ್ತರ ಕೂಡಲೇ ಬಂತು.

ಆದರೆ ಎಲ್ಲರಿಗೂ ಇದೇ ಉತ್ತರ ಬರಬೇಕೆಂದಿಲ್ಲ, ಮತ್ತು ಇಟ್ಟುಕೊಳ್ಳುವುದು ಅಥವಾ ಮಾರುವುದು ಎಂಬ ಎರಡೇ ದಾರಿಗಳಿವೆ ಎಂದೂ ತಿಳಿಯಬೇಡಿ. ಕಾನೂನು ಒಪ್ಪುವ ಕಡೆಗಳಲ್ಲಿ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಕ್ಲಬ್ಬಿನ ಶಸ್ತ್ರಾಗಾರದಲ್ಲೋ ಠೇವಣಿ ಇಡಬಹುದು. ಮನೋವೈದ್ಯರು ಹೇಳಿದ ಅಪಾಯ ಮನೆಯಿಂದ ಹೊರಹೋಗುತ್ತದೆ, ಸ್ಪರ್ಧೆಯ ಬಾಗಿಲು ಮುಚ್ಚುವುದಿಲ್ಲ. ಕ್ಲಬ್ಬಿನ ರೈಫಲ್ ಅನ್ನೇ ಬಳಸಲು ಅವಕಾಶವಿದೆಯೇ ಎಂದು ವಿಚಾರಿಸಿ, ಇದ್ದರೆ ‘ಈ ಉದ್ದೇಶಕ್ಕೆ ಸ್ವಂತದ್ದೇ ಬೇಕು’ ಎಂಬ ವಾದ ಅಷ್ಟರಮಟ್ಟಿಗೆ ತೆಳುವಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಿ. ಆದರೂ ಗಂಭೀರವಾಗಿ ಸ್ಪರ್ಧಿಸುವವನಿಗೆ ತನ್ನ ಭುಜಕ್ಕೂ ಕೆನ್ನೆಗೂ ಹೊಂದಿಸಿದ ರೈಫಲ್ ಬೇಕೇ ಬೇಕು. ಹಿರಿಯರಿಂದ ಬಂದದ್ದಾಗಿ, ನೆನಪಿಗಾಗಿ ಮಾತ್ರ ಇಟ್ಟುಕೊಂಡವರಿಗೆ ಅದನ್ನು ಅಧಿಕೃತವಾಗಿ ನಿಷ್ಕ್ರಿಯಗೊಳಿಸುವ ದಾರಿ ಹಲವು ದೇಶಗಳಲ್ಲಿದೆ. ಅದು ಹಿಂದಿರುಗಲಾಗದ ಕೆಲಸ, ಮಾರುಕಟ್ಟೆಯ ಬೆಲೆಯೂ ಇಳಿಯುತ್ತದೆ, ನಿಮ್ಮ.308ಗೆ ಅದು ಖಂಡಿತ ಬೇಡ.

ಮರುಉತ್ತರ: ಅಪರೂಪದ ಗುರಿಕಾರ

ಎಲ್ಲರಿಗೂ ಕೃತಜ್ಞತೆಗಳು. ‘ಇಂದು ಇಲ್ಲದಿದ್ದರೆ ಕೊಳ್ಳುತ್ತಿದ್ದೆನೇ’ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ ಬರುತ್ತಿದೆ, ಆದರೆ ಆ ಹೌದು ಕೊಳ್ಳುವುದರ ಬಗ್ಗೆಯೋ ಮತ್ತೆ ಸ್ಪರ್ಧಿಸುವುದರ ಬಗ್ಗೆಯೋ ಎಂದು ಬೇರ್ಪಡಿಸಿ ನೋಡಿಕೊಳ್ಳಬೇಕಾಗಿದೆ. ಹಾಗಾಗಿ ಈ ನವೀಕರಣದಲ್ಲಿ ಕಡಿಮೆ ಬಳಕೆಯನ್ನು ಇದ್ದಂತೆಯೇ ಬರೆದು, ಕ್ಲಬ್ಬಿನ ಸದಸ್ಯತ್ವದ ಪ್ರತಿಯನ್ನು ಲಗತ್ತಿಸಿ, ರೈಫಲ್ ಅನ್ನು 300 ಮೀಟರ್ ರೇಂಜ್ ಇರುವ ಕ್ಲಬ್ಬಿನ ಶಸ್ತ್ರಾಗಾರದಲ್ಲೇ ಇಡಲು ಅವಕಾಶವಿದೆಯೇ ಎಂದು ವಿಚಾರಿಸುತ್ತೇನೆ. ಅಲ್ಲಿಗೆ ಹೋಗುವಾಗಲೆಲ್ಲ ಹೊತ್ತೊಯ್ಯುವ ಕೆಲಸವೂ ತಪ್ಪುತ್ತದೆ. ಮುಂದಿನ ಸ್ಪರ್ಧಾ ಋತು ಮುಗಿಯುವುದರೊಳಗೆ ಅಲ್ಲಿಗೂ ಹೋಗಿರದಿದ್ದರೆ, ಆಗ ಕೊಡುವವರ ಸಾಲಿಗೆ ಸೇರುತ್ತೇನೆ. ಹೊರಗಿನವಳು ಅವರ ಮಾತಿನ ನಂತರ ತೋಟಾಗಳ ಪೆಟ್ಟಿಗೆಗೆ ಬೇರೆ ಬೀಗ ಹಾಕಿದ್ದೇನೆ.

ಒಂದು ಸಂದೇಹ ಉಳಿದಿದೆ. ಶಸ್ತ್ರಾಗಾರದಲ್ಲಿ ಇಟ್ಟ ಮೇಲೆ ಅದು ಇನ್ನೂ ನನ್ನ ಪರವಾನಗಿಯಲ್ಲೇ ಇರುತ್ತದೆಯೇ?

ಉತ್ತರ: ಕಡತವಾಸಿ

ಅದು ನಿಮ್ಮ ದೇಶದ ನಿಯಮವನ್ನು ಅವಲಂಬಿಸಿದೆ. ಬಹಳ ಕಡೆ ಒಡೆತನ ನಿಮ್ಮದಾಗಿಯೇ ಉಳಿದು ಇಡುವ ಜಾಗದ ವಿವರ ಮಾತ್ರ ಬದಲಾಗುತ್ತದೆ. ಕೆಲವು ಕಡೆ ವಶ ಇನ್ನೊಬ್ಬರಿಗೆ ಹೋದುದನ್ನು ನಿಗದಿತ ದಿನಗಳೊಳಗೆ ತಿಳಿಸದಿದ್ದರೆ ಅದೇ ಅಪರಾಧವಾಗುತ್ತದೆ. ರೈಫಲ್ ಮನೆಯಿಂದ ಹೊರಡುವ ಮೊದಲೇ ಪರವಾನಗಿ ಅಧಿಕಾರಿಗೆ ಲಿಖಿತವಾಗಿ ಕೇಳಿ ಲಿಖಿತವಾಗಿಯೇ ಉತ್ತರ ಪಡೆಯಿರಿ. ಕ್ಲಬ್ ಕೊಡುವ ರಸೀದಿಯಲ್ಲಿ ತಯಾರಕರ ಹೆಸರು, ಕ್ಯಾಲಿಬರ್, ಕ್ರಮಸಂಖ್ಯೆ ಮೂರೂ ಪರವಾನಗಿಯಲ್ಲಿ ಇರುವಂತೆಯೇ ಇವೆಯೇ ಎಂದು ಅಲ್ಲೇ ನಿಂತು ಹೋಲಿಸಿ ನೋಡಿ.